ನದಿ ದಾಟಿಸಿದ ತಾಯಿ

2019ರಲ್ಲಿ ಜಗದ್ಗುರು ಫ್ರಾನ್ಸಿಸರು ‘ಪೂಜ್ಯ’ರೆಂದು ಘೋಷಿಸಿದ ಫಾದರ್ ಆಗಸ್ಟಸ್ ಟಾಲ್ಟನ್ ಅವರ ಹೆಸರನ್ನು ನೀವು ಕೇಳಿರಬಹುದು. ಅಮೆರಿಕದಲ್ಲಿ ಕಪ್ಪು ಜನಾಂಗದವರೆಂದು ಎಲ್ಲರೂ ಬಲ್ಲ ಮೊದಲ ಕಥೋಲಿಕ ಯಾಜಕರು ಅವರು. ಅವರ ಕಥೆಯನ್ನು ಮಾತ್ರ ತಾಯಿ ಮಾರ್ತಾಳಿಂದಲೇ ಆರಂಭಿಸಬೇಕು.

1854ರಲ್ಲಿ ಮಿಸ್ಸೌರಿ ರಾಜ್ಯದಲ್ಲಿ ಆಗಸ್ಟಸ್ ಹುಟ್ಟಿದಾಗ ತಂದೆ ತಾಯಿ ಇಬ್ಬರೂ ಗುಲಾಮರು. ಯಜಮಾನರೂ ಕಥೋಲಿಕರೇ! ಜ್ಞಾನಸ್ನಾನ ಪಡೆದ ಮಗು ಅವರ ಸೊತ್ತಾಗಿಯೇ ಉಳಿಯಿತು. ಅಂತರ್ಯುದ್ಧ ಶುರುವಾದಾಗ ಉತ್ತರದ ಸೈನ್ಯ ಸೇರಲು ಹೊರಟ ತಂದೆ ಪೀಟರ್ ಮತ್ತೆ ಮನೆಗೆ ಬರಲಿಲ್ಲ. ಮಾರ್ತಾ ಮೂರು ಮಕ್ಕಳನ್ನು ಕಟ್ಟಿಕೊಂಡು ತಪ್ಪಿಸಿಕೊಂಡಳು. ಚಿಕ್ಕವಳು ಇನ್ನೂ ಕಂಕುಳ ಕೂಸು. ಸಿಕ್ಕಿಬಿದ್ದರೆ ಮಕ್ಕಳು ಒಂದೊಂದು ಕಡೆಗೆ ಮಾರಾಟವಾಗುವ ಭಯ. ಸಣ್ಣ ದೋಣಿಯೊಂದರಲ್ಲಿ ಮಿಸ್ಸಿಸ್ಸಿಪ್ಪಿ ದಾಟಿ, ಗುಲಾಮಗಿರಿ ಇಲ್ಲದ ಇಲಿನಾಯ್ ರಾಜ್ಯದ ಕ್ವಿನ್ಸಿ ಪಟ್ಟಣ ಸೇರಿದಳು.

ಅಲ್ಲಿ ತಾಯಿ ಮಕ್ಕಳಿಗೆ ಹೊಗೆಸೊಪ್ಪಿನ ಕಾರ್ಖಾನೆಯೇ ಗತಿ. ಹಿರಿಯ ಮಗ ಚಾರ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡ. ಓದುಬರಹ ಅರಿಯದ ಆ ತಾಯಿ ಆಗಸ್ಟಸನನ್ನು ಧರ್ಮಕೇಂದ್ರದ ಶಾಲೆಗೆ ಸೇರಿಸಿದರೆ, ತಮ್ಮ ಮಕ್ಕಳ ಪಕ್ಕದಲ್ಲಿ ಕರಿಯ ಹುಡುಗ ಕೂರಬಾರದೆಂದು ಬಿಳಿಯ ಪೋಷಕರು ಎದ್ದುನಿಂತರು. ಅವನು ಶಾಲೆ ಬಿಡಬೇಕಾಯಿತು. ಭಾನುವಾರ ಒಂದೇ ಪೀಠದ ಮುಂದೆ ಮೊಣಕಾಲೂರುತ್ತಿದ್ದವರು ಇವರೆಂಬುದನ್ನು ನೀವು ಮರೆಯಬೇಡಿ. ಮುಂದೆ ಸಂತ ಪೇತ್ರರ ಧರ್ಮಕೇಂದ್ರದ ಗುರು ಪೀಟರ್ ಮೆಕ್‌ಗರ್, ಯಾರ ಗೊಣಗಾಟಕ್ಕೂ ಬಗ್ಗದೆ, ಹುಡುಗನನ್ನು ತಮ್ಮ ಶಾಲೆಗೆ ಸೇರಿಸಿಕೊಂಡರು.

ಗುರುವಾಗುವ ಆಸೆ ಹುಟ್ಟಿದಾಗ ಅಮೆರಿಕದ ಯಾವ ಗುರುಮಠವೂ ಬಾಗಿಲು ತೆರೆಯಲಿಲ್ಲ. 1880ರಲ್ಲಿ ರೋಮಿಗೆ ಹೋಗಿ, 1886ರ ಪವಿತ್ರ ಶನಿವಾರ ಗುರುದೀಕ್ಷೆ ಪಡೆದರು. ಆಫ್ರಿಕಕ್ಕೆ ಕಳುಹಿಸುತ್ತಾರೆಂದುಕೊಂಡಿದ್ದವರಿಗೆ, ತಮ್ಮನ್ನು ಬೇಡವೆಂದ ನಾಡಿಗೇ ಮರಳುವ ಅಪ್ಪಣೆಯಾಯಿತು!

ಮೊದಲು ಕ್ವಿನ್ಸಿ. ಅಲ್ಲಿಯೂ ವಿರೋಧ ತಪ್ಪಲಿಲ್ಲ. 1889ರಲ್ಲಿ ಷಿಕಾಗೋ ಸೇರಿ ಅಲ್ಲಿನ ಬಡ ಕಪ್ಪು ಜನರಿಗಾಗಿ ದೇವಾಲಯ ಕಟ್ಟಲು ತೊಡಗಿದರು. ಅದರ ಹೆಸರು ಸಂತ ಮೋನಿಕ. ಸಂತ ಅಗಸ್ಟೀನರ ತಾಯಿಯ ಹೆಸರು, ನೋಡಿ! ಹಣ ಸಾಲದೆ ಕಟ್ಟಡ ಪೂರ್ತಿಯಾಗಲಿಲ್ಲ. ಮಾರ್ತಾ ಮತ್ತು ತಂಗಿ ಅವರೊಡನೆ ಇದ್ದು ಮನೆ ನೋಡಿಕೊಂಡರು.

1897ರ ಜುಲೈ 9. ಗುರುಗಳ ಧ್ಯಾನಕೂಟ ಮುಗಿಸಿ ಬರುವಾಗ ಸುಡುಬಿಸಿಲಿಗೆ ಬೀದಿಯಲ್ಲೇ ಕುಸಿದರು. ವಯಸ್ಸು ಬರೇ 43. ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದಾಗ ಹಾಸಿಗೆಯ ಬಳಿ ತಾಯಿ ಇದ್ದಳು. ಅಂದು ನದಿ ದಾಟಿ ಅವಳು ಅವರನ್ನು ಕರೆತಂದಿದ್ದ ಕ್ವಿನ್ಸಿಯಲ್ಲೇ, ಅವರ ಇಚ್ಛೆಯಂತೆ, ಅವರನ್ನು ಮಣ್ಣು ಮಾಡಲಾಯಿತು.