ಪ್ರಶ್ನೆಗೆ ಬೆಲೆ ಕೊಟ್ಟ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ

ಈ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಾಗ ಅಣಕು ಸಂಸತ್ತಿನಲ್ಲಿ ನಾನು ಪ್ರಧಾನಮಂತ್ರಿಯಾಗಿದ್ದೆ. ವಿರೋಧ ಪಕ್ಷದ ಬೆಂಚಿನಿಂದ ಗೆಳೆಯನೊಬ್ಬ ಎದ್ದು, ರೇಷನ್ ಅಂಗಡಿಯಲ್ಲಿ ಜೋಳ ಏಕೆ ಸಿಗುತ್ತಿಲ್ಲ ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಅವನ ತೊದಲು ಮಾತನ್ನೇ ಅಣಕಿಸಿಬಿಟ್ಟೆ. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಆ ವರ್ಷವಿಡೀ ಅವನು ತರಗತಿಯಲ್ಲಿ ಮತ್ತೆ ಎದ್ದು ಪ್ರಶ್ನೆ ಕೇಳಲಿಲ್ಲ. ಸಂಜೆ ನಮ್ಮ ಗುರುಗಳು ನನ್ನನ್ನು ಬೈಯಲಿಲ್ಲ. ಕಪಾಟಿನಿಂದ ಶಾಸ್ತ್ರೀಜಿಯವರ ಜೀವನಚರಿತ್ರೆಯ ತೆಳ್ಳನೆಯ ಪುಸ್ತಕವೊಂದನ್ನು ತೆಗೆದುಕೊಟ್ಟು, ಓದಿಕೊಂಡು ಬಾ ಎಂದರು. ಮುಂದೆ ನಾನು ಇಲ್ಲಿಯೇ ಸಮಾಜ ವಿಜ್ಞಾನದ ಶಿಕ್ಷಕನಾದೆ. ಪ್ರತಿ ವರ್ಷ ಅಣಕು ಸಂಸತ್ತಿಗೆ ಮೊದಲು ಮಕ್ಕಳಿಗೆ ಆ ಮಹನೀಯರ ಕಥೆಯನ್ನು ಹೇಳುತ್ತಿದ್ದೆ. ಸುವರ್ಣ ಮಹೋತ್ಸವದ ಈ ಸಂಚಿಕೆಗೂ ಅದನ್ನೇ ಬರೆಯುತ್ತಿದ್ದೇನೆ.

ಶಾಸ್ತ್ರೀಜಿ ಹುಟ್ಟಿದ್ದು 1904ರ ಅಕ್ಟೋಬರ್ 2ರಂದು, ಕಾಶಿಯ ಸಮೀಪದ ಮೊಘಲ್‌ಸರಾಯ್‌ನಲ್ಲಿ. ತಂದೆ ಶಾರದಾ ಪ್ರಸಾದರು ಶಿಕ್ಷಕರಾಗಿದ್ದು, ಬಳಿಕ ಗುಮಾಸ್ತರಾದವರು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು. ತಾಯಿ ರಾಮ್‌ದುಲಾರಿ ದೇವಿಯವರು ತವರಿನ ಆಸರೆಯಲ್ಲಿ ಮಕ್ಕಳನ್ನು ಸಾಕಿದರು. 1921ರಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಹುಡುಗ ಶಾಲೆ ಬಿಟ್ಟ. ಆಮೇಲೆ ಕಾಶಿ ವಿದ್ಯಾಪೀಠದಲ್ಲಿ ಓದಿ ಪಡೆದ ಶಾಸ್ತ್ರಿ ಪದವಿಯೇ ಹೆಸರಿನ ಭಾಗವಾಯಿತು. ಸ್ವಾತಂತ್ರ್ಯ ಹೋರಾಟದಲ್ಲಿ ಹಲವು ವರ್ಷ ಸೆರೆವಾಸ ಅನುಭವಿಸಿದರು. ರೈಲ್ವೆ ಮಂತ್ರಿಯಾಗಿದ್ದಾಗ, 1956ರ ನವೆಂಬರಿನಲ್ಲಿ ಮದ್ರಾಸ್ ರಾಜ್ಯದ ಅರಿಯಲೂರಿನಲ್ಲಿ ಭೀಕರ ಅಪಘಾತವಾಯಿತು. ಯಾರ ಮೇಲೂ ತಪ್ಪು ಹೊರಿಸದೆ ತಾವೇ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು.

ನೆಹರೂ ಅವರ ನಿಧನಾನಂತರ, 1964ರ ಜೂನ್ 9ರಂದು ಅವರು ಪ್ರಧಾನಿಯಾದರು. ಆ ಕುರ್ಚಿಯಲ್ಲಿದ್ದದ್ದು ಕೇವಲ ಹತ್ತೊಂಬತ್ತು ತಿಂಗಳು. ಅಷ್ಟರಲ್ಲೇ ಲೋಕಸಭೆಯಲ್ಲಿ ಮೂರು ಅವಿಶ್ವಾಸ ನಿರ್ಣಯಗಳನ್ನು ಎದುರಿಸಿದರು. ಪ್ರಶ್ನೆಗಳು ಎದುರಾಳಿಗಳಿಂದ ಮಾತ್ರವಲ್ಲ, ಸ್ವಪಕ್ಷದ ಸಹೋದ್ಯೋಗಿಗಳಿಂದಲೂ ಬಂದವು.

ಮೊದಲನೆಯದು ಬಾಂಬಿನ ಪ್ರಶ್ನೆ. 1964ರ ಅಕ್ಟೋಬರ್ 16ರಂದು ಚೀನಾ ಅಣುಬಾಂಬು ಸಿಡಿಸಿತು. ನಾವೂ ಏಕೆ ಮಾಡಬಾರದೆಂದು ಸಂಸದರು ಕೇಳಿದರು. ಗುಂಟೂರಿನಲ್ಲಿ ಸೇರಿದ ಕಾಂಗ್ರೆಸ್ ಸಮಿತಿಯಲ್ಲೂ ಅದೇ ಒತ್ತಾಯ. ಬಡ ದೇಶಕ್ಕೆ ಆ ಖರ್ಚು ಹೊರೆಯೆಂದೂ, ಶಾಂತಿಯ ನೀತಿ ಬಿಡಲಾಗದೆಂದೂ ಅವರು ವಿವರಿಸಿದರು. ಆದರೆ ಕೇಳಿದವರ ಆತಂಕವನ್ನು ತಳ್ಳಿಹಾಕಲಿಲ್ಲ. ಶಾಂತಿಯುತ ಬಳಕೆಗಾಗಿ ಪರಮಾಣು ಸಂಶೋಧನೆ ಮುಂದುವರಿಯಲು ದಾರಿ ತೆರೆದಿಟ್ಟರು.

ಎರಡನೆಯದು ಭಾಷೆಯ ಪ್ರಶ್ನೆ. ಇದೇ ಅತ್ಯಂತ ಕಠಿಣವಾದದ್ದು. 1965ರ ಜನವರಿ 26ರಿಂದ ಹಿಂದಿ ಕೇಂದ್ರದ ಪ್ರಧಾನ ಆಡಳಿತ ಭಾಷೆಯಾಗಬೇಕಿತ್ತು. 1963ರ ಕಾಯ್ದೆ ಇಂಗ್ಲಿಷ್ ಮುಂದುವರಿಯಬಹುದು ಎಂದಿತ್ತೇ ಹೊರತು ಮುಂದುವರಿಯಬೇಕು ಎಂದಿರಲಿಲ್ಲ. ಆ ಒಂದು ‘ಬಹುದು’ ದಕ್ಷಿಣದವರಲ್ಲಿ ಸಂಶಯ ಹುಟ್ಟಿಸಿತು. ಮದ್ರಾಸ್ ರಾಜ್ಯ ಹೊತ್ತಿ ಉರಿಯಿತು. ಹಲವರು ಪ್ರಾಣ ಕಳೆದುಕೊಂಡರು. ಕೇಂದ್ರ ಮಂತ್ರಿಗಳಾದ ಸಿ. ಸುಬ್ರಹ್ಮಣ್ಯಂ ಮತ್ತು ಓ.ವಿ. ಅಳಗೇಶನ್ ರಾಜೀನಾಮೆ ಸಲ್ಲಿಸಿದರು. ಶಾಸ್ತ್ರೀಜಿ ಸ್ವತಃ ಹಿಂದಿಯ ಅಭಿಮಾನಿ. ಆದರೂ ಫೆಬ್ರವರಿ 11ರಂದು ಆಕಾಶವಾಣಿಯಲ್ಲಿ ಮಾತನಾಡಿ, ಹಿಂದಿಯೇತರ ಜನರು ಬಯಸುವವರೆಗೆ ಇಂಗ್ಲಿಷ್ ಇರುತ್ತದೆಂಬ ನೆಹರೂ ಅವರ ಭರವಸೆಯನ್ನು ಉಳಿಸಿಕೊಳ್ಳುವುದಾಗಿ ಹೇಳಿದರು. ಇಬ್ಬರೂ ಮಂತ್ರಿಗಳು ಸಂಪುಟದಲ್ಲಿ ಉಳಿದರು. ಉತ್ತರ ತಡವಾಯಿತು ನಿಜ. ಆದರೆ ಬಂದ ಉತ್ತರದಲ್ಲಿ ಹಟವಿರಲಿಲ್ಲ.

ಮೂರನೆಯದು ಅನ್ನದ ಪ್ರಶ್ನೆ. ಅಮೆರಿಕದ ಗೋಧಿ ಹಡಗಿಗೆ ಕಾಯಬೇಕಾದ ಕಾಲವದು. 1965ರಲ್ಲಿ ಆಹಾರ ನಿಗಮ ಹುಟ್ಟಿತು. ರೈತನ ಬೆಳೆಗೆ ಬೆಲೆ ಸೂಚಿಸಲು ಆಯೋಗ ಬಂತು. ಸೋಮವಾರ ಸಂಜೆಯ ಊಟ ಬಿಡಿರೆಂದು ದೇಶವನ್ನು ಕೇಳುವ ಮೊದಲು ಅವರು ತಮ್ಮ ಮನೆಯಲ್ಲೇ ಒಲೆ ಹಚ್ಚಲಿಲ್ಲವೆಂದು ಹೇಳುತ್ತಾರೆ. ಅದೇ ವರ್ಷ ಪಾಕಿಸ್ತಾನದೊಡನೆ ಯುದ್ಧವಾದಾಗ ಸೈನಿಕನಿಗೂ ರೈತನಿಗೂ ಒಟ್ಟಿಗೆ ಜಯಕಾರ ಹಾಕಿಸಿದರು. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಗೆದ್ದ ಹಾಜಿಪೀರ್ ಕಣಿವೆಯನ್ನು ಏಕೆ ಬಿಟ್ಟುಕೊಟ್ಟಿರಿ ಎಂಬ ಪ್ರಶ್ನೆ ದೆಹಲಿಯಲ್ಲಿ ಕಾದಿತ್ತು. ಅದಕ್ಕೆ ಉತ್ತರಿಸಲು ಅವರು ಮರಳಿ ಬರಲಿಲ್ಲ. 11ರ ನಸುಕಿನಲ್ಲಿ ಅಲ್ಲಿಯೇ ನಿಧನರಾದರು.

ನಮ್ಮ ಭಾಗಕ್ಕೂ ಅವರಿಗೂ ಒಂದು ನಂಟಿದೆ. ಪ್ರಧಾನಿಯಾಗುವ ಕೆಲವೇ ದಿನ ಮೊದಲು, 1964ರ ಮೇ 22ರಂದು, ಅವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದರು. ಇಂದು ಆ ಜಲಾಶಯಕ್ಕೆ ಅವರದೇ ಹೆಸರಿದೆ. ನಾನು ನಿವೃತ್ತನಾಗುವ ವರ್ಷದ ಅಣಕು ಸಂಸತ್ತಿನಲ್ಲಿ, ಪುನರ್ವಸತಿ ಕೇಂದ್ರದಿಂದ ಬರುತ್ತಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಆ ನೀರಿನಿಂದ ಯಾರದೋ ಹೊಲ ಹಸಿರಾಯಿತು, ನಮ್ಮಜ್ಜನ ಊರು ಮುಳುಗಿತು, ಮುಳುಗುವವರನ್ನು ಯಾರಾದರೂ ಕೇಳಿದ್ದರೇ ಎಂದಳು. ಸಭೆ ಸ್ತಬ್ಧವಾಯಿತು. ಪ್ರಧಾನಿಯಾಗಿದ್ದ ಹುಡುಗ ಸ್ವಲ್ಪ ಹೊತ್ತು ನಿಂತು, ತನಗೆ ಗೊತ್ತಿಲ್ಲ, ತಿಳಿದುಕೊಂಡು ಬಂದು ಹೇಳುತ್ತೇನೆ ಎಂದ. ಯಾರೂ ನಗಲಿಲ್ಲ.

ಮುಂದಿನ ವಾರ ಅವನು ಆ ಊರಿನ ಹಿರಿಯರನ್ನು ಕಂಡು, ಎರಡು ಪುಟ ಬರೆದುಕೊಂಡು ಬಂದು ಓದಿದ. ಅದು ಪೂರ್ಣ ಉತ್ತರವಾಗಿರಲಿಲ್ಲ. ಆದರೆ ಹುಡುಗಿ ಮತ್ತೆ ಎದ್ದು ನಿಂತು ಇನ್ನೊಂದು ಪ್ರಶ್ನೆ ಕೇಳಿದಳು. ನಾನು ಬಾಯಿ ಮುಚ್ಚಿಸಿದ ಆ ಗೆಳೆಯ ಅಂದು ನೆನಪಾದ.

ಐವತ್ತು ವರ್ಷ ತುಂಬಿದ ನಮ್ಮ ಶಾಲೆಯಲ್ಲಿ ಮಕ್ಕಳು ಎದ್ದು ನಿಂತು ಕೇಳುತ್ತಲೇ ಇರಲಿ, ಕೇಳಿದವರ ಮಾತಿಗೆ ಹಿರಿಯರು ಕಿವಿಗೊಡಲಿ ಎಂದು ಹಾರೈಸುತ್ತೇನೆ.