ಜಾಹೀರಾತಿಲ್ಲದ ಒಂದು ಕ್ರಿಸ್‌ಮಸ್ ಸಿನಿಮಾ ಮತ್ತು ಅದನ್ನು ಬರೆದ ರಾಡ್ ಸರ್ಲಿಂಗ್

1964ರ ಡಿಸೆಂಬರ್ 28. ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಒಂದು ಹಬ್ಬದ ಸಿನಿಮಾ ಬಂತು. ಟೀವಿಗಾಗಿಯೇ ಮಾಡಿದ್ದು. ಹೆಸರು 'ಕ್ಯಾರಲ್ ಫಾರ್ ಅನದರ್ ಕ್ರಿಸ್‌ಮಸ್'. ನಡುವೆ ಒಂದೇ ಒಂದು ಜಾಹೀರಾತು ಇರಲಿಲ್ಲ. ಆ ರಾತ್ರಿಯ ನಂತರ ಅದು ಅಲ್ಲಿನ ಟೀವಿಯಲ್ಲಿ ಮತ್ತೆ ಕಾಣಿಸಿದ್ದು 2012ರ ಡಿಸೆಂಬರ್‌ನಲ್ಲಿ, ಬರೋಬ್ಬರಿ 48 ವರ್ಷದ ಮೇಲೆ.

ಪ್ರತಿ ಡಿಸೆಂಬರ್ ಬಂತೆಂದರೆ ಅದದೇ ಹಬ್ಬದ ಚಿತ್ರಗಳನ್ನು ತಿರುಗಿಸಿ ಮರುಗಿಸಿ ತೋರಿಸುವ ದೇಶ ಅದು. ಹೀಗಿರುವಾಗ ಇದೊಂದು ಯಾಕೆ ಪೆಟ್ಟಿಗೆಯಲ್ಲೇ ಉಳಿಯಿತು? ನನಗೆ ಈ ಪ್ರಶ್ನೆ ಮುಖ್ಯ ಅನಿಸುತ್ತೆ. ಉತ್ತರ ಹುಡುಕಬೇಕಾದರೆ ಇದನ್ನು ಬರೆದವನ ಬದುಕಿನಿಂದ ಶುರು ಮಾಡಬೇಕು.

ರಾಡ್ ಸರ್ಲಿಂಗ್ ಹುಟ್ಟಿದ್ದೇ ಕ್ರಿಸ್‌ಮಸ್ ದಿನ. 1924ರ ಡಿಸೆಂಬರ್ 25, ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ, ಯಹೂದಿ ಕುಟುಂಬದಲ್ಲಿ. ಬೆಳೆದದ್ದು ಬಿಂಗ್‌ಹ್ಯಾಮ್‌ಟನ್ ಅನ್ನುವ ಸಣ್ಣ ಊರಲ್ಲಿ. ಹೈಸ್ಕೂಲು ಮುಗಿಯುತ್ತಲೇ ಸೇನೆ ಸೇರಿದ. ಪ್ಯಾರಾಚೂಟ್ ಪಡೆಯ ಸಿಪಾಯಿಯಾಗಿ ಫಿಲಿಪ್ಪೀನ್ಸ್‌ನ ಲೇಟೆ ದ್ವೀಪದಲ್ಲಿ ಜಪಾನೀಯರ ವಿರುದ್ಧ ಕಾದಾಡಿದ. ಗಾಯಗೊಂಡ, ಪದಕವೂ ಬಂತು. ಆದರೆ ಕೊನೆಯವರೆಗೂ ಆತನನ್ನು ಬಿಡದೆ ಕಾಡಿದ್ದು ಇನ್ನೊಂದು ಸಂಗತಿ. ಹಸಿದ ಸೈನಿಕರಿಗಾಗಿ ವಿಮಾನದಿಂದ ಕೆಳಗೆ ಬಿಟ್ಟ ಆಹಾರದ ಪೆಟ್ಟಿಗೆಯೊಂದು ಬಿದ್ದು, ಆತನ ಗೆಳೆಯ ಕಣ್ಣೆದುರೇ ಸತ್ತುಹೋದ. ಶತ್ರುವಿನ ಗುಂಡಿಗಲ್ಲ, ಅನ್ನದ ಪೆಟ್ಟಿಗೆಗೆ. ಯುದ್ಧ ಅಂದರೆ ಶೌರ್ಯ ಅನ್ನುವ ಮಾತನ್ನು ಆತ ಆಮೇಲೆ ಎಂದೂ ನಂಬಲಿಲ್ಲ.

ಸೇನೆಯಿಂದ ಬಂದವನು ಒಹಾಯೋದ ಆಂಟಿಯೋಕ್ ಕಾಲೇಜಿನಲ್ಲಿ ಓದಿದ, ರೇಡಿಯೋಗೆ ಬರೆದ, ಟೀವಿಗೆ ಬಂದ. 1955ರಲ್ಲಿ 'ಪ್ಯಾಟರ್ನ್ಸ್' ಪ್ರಸಾರವಾಯಿತು. ದೊಡ್ಡ ಕಂಪನಿಯೊಂದು ವಯಸ್ಸಾದ ಅಧಿಕಾರಿಯನ್ನು ಹೇಗೆ ಹಿಂಡಿ ಹೊರಗೆ ಹಾಕುತ್ತೆ ಅನ್ನುವ ನಾಟಕ. ಆಗೆಲ್ಲ ಟೀವಿ ನಾಟಕವನ್ನು ಲೈವ್ ಆಗಿಯೇ ಆಡುತ್ತಿದ್ದರು. ಜನ ಎಷ್ಟು ಮೆಚ್ಚಿದರು ಅಂದರೆ, ಅದೇ ನಾಟಕವನ್ನು ಕೆಲವೇ ವಾರಗಳಲ್ಲಿ ಮತ್ತೊಮ್ಮೆ ಆಡಬೇಕಾಯಿತು. 30 ತುಂಬುವುದರೊಳಗೇ ಬರೆದದ್ದರಿಂದ ಸರ್ಲಿಂಗ್‌ಗೆ ದೇಶವಿಡೀ ಹೆಸರು ಬಂತು.

ಕೋಕ್ ಬಾಟಲಿಯೂ ಬೇಡ

ಅದೇ 1955ರ ಆಗಸ್ಟ್‌ನಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಅನ್ನುವ 14 ವರ್ಷದ ಕಪ್ಪು ಹುಡುಗನನ್ನು ಬಿಳಿಯರು ಎತ್ತಿಕೊಂಡು ಹೋಗಿ ಚಿತ್ರಹಿಂಸೆ ಕೊಟ್ಟು ಕೊಂದರು. ಬಿಳಿಯರೇ ತುಂಬಿದ್ದ ಜ್ಯೂರಿ ಆರೋಪಿಗಳನ್ನು ಬಿಟ್ಟುಬಿಟ್ಟಿತು. ಸರ್ಲಿಂಗ್ ಇದರ ಬಗ್ಗೆ ಬರೆಯಲೇಬೇಕು ಅಂತ ಕೂತ. 'ನೂನ್ ಆನ್ ಡೂಮ್ಸ್‌ಡೇ' ಬರೆದ. ಆದರೆ ಕಾರ್ಯಕ್ರಮದ ದುಡ್ಡು ಕೊಡುತ್ತಿದ್ದದ್ದು ಯುಎಸ್ ಸ್ಟೀಲ್ ಕಂಪನಿ. ಕತೆ ಎಮೆಟ್ ಟಿಲ್‌ನದ್ದು ಅನ್ನುವ ಸುದ್ದಿ ಹಬ್ಬಿದ ಕೂಡಲೇ ದಕ್ಷಿಣದ ಬಿಳಿಯ ಸಂಘಟನೆಗಳು ಬಹಿಷ್ಕಾರದ ಬೆದರಿಕೆ ಹಾಕಿದವು.

ಕತ್ತರಿ ಶುರುವಾಯಿತು. ಕತೆ ನಡೆಯುವ ಊರು ದಕ್ಷಿಣದಿಂದ ನ್ಯೂ ಇಂಗ್ಲೆಂಡ್‌ಗೆ ಹೋಯಿತು. ಸತ್ತವನು ಯಾವುದೋ ವಿದೇಶಿಯಾದ. ಗುಂಪುಹತ್ಯೆ ಅನ್ನುವ ಪದವನ್ನೇ ತೆಗೆದರು. ಕೊನೆಗೆ ಸೆಟ್‌ನಲ್ಲಿದ್ದ ಕೋಕಾಕೋಲಾ ಬಾಟಲಿಗಳನ್ನೂ ಎತ್ತಿಸಿದರು. ಕೋಕ್ ಕಂಡರೆ ಜನಕ್ಕೆ ದಕ್ಷಿಣ ನೆನಪಾಗಬಹುದಂತೆ! 1956ರ ಏಪ್ರಿಲ್‌ನಲ್ಲಿ ಪ್ರಸಾರವಾದದ್ದರಲ್ಲಿ ಎಮೆಟ್ ಟಿಲ್ ಇರಲೇ ಇಲ್ಲ.

ಸರ್ಲಿಂಗ್ ಬಿಡಲಿಲ್ಲ. 1958ರಲ್ಲಿ ಅದೇ ವಿಷಯವನ್ನು ಮತ್ತೆ ಎತ್ತಿಕೊಂಡ. ಈ ಸಲ ಕತೆ ನೂರು ವರ್ಷದಷ್ಟು ಹಿಂದಕ್ಕೆ ಹೋಯಿತು, ಸತ್ತವನು ಮೆಕ್ಸಿಕನ್ ಆದ. ಆ ಕಾಲದ ಟೀವಿ ಹೇಗಿತ್ತು ಅನ್ನುವುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. 1959ರಲ್ಲಿ ನಾಜಿಗಳ ವಿಚಾರಣೆ ಕುರಿತ ಬೇರೊಬ್ಬ ಲೇಖಕನ ನಾಟಕ ಬಂತು. ಪ್ರಾಯೋಜಕರು ಅಡುಗೆ ಗ್ಯಾಸ್ ಮಾರುವ ಕಂಪನಿಗಳ ಸಂಘ. ಯಹೂದಿಗಳನ್ನು ಕೊಂದ ಗ್ಯಾಸ್ ಕೊಠಡಿಗಳ ಮಾತು ಬಂದಾಗ ಧ್ವನಿಯನ್ನೇ ಅಡಗಿಸಿದರು. ಇಲ್ಲಿ ಸರ್ಕಾರ ಏನೂ ನಿಷೇಧಿಸಿರಲಿಲ್ಲ, ಪೊಲೀಸರೂ ಬಂದಿರಲಿಲ್ಲ. ದುಡ್ಡು ಕೊಟ್ಟವರ ಅಂಜಿಕೆಯೇ ಸಾಕಾಗಿತ್ತು.

ವೇಷ ಹಾಕಿಕೊಂಡ ಮಾತು

ಆಗ ಸರ್ಲಿಂಗ್ ದಾರಿ ಬದಲಿಸಿದ. ಮಿಸಿಸಿಪ್ಪಿಯ ಬಿಳಿಯ ಆಡಬಾರದ ಮಾತನ್ನು ಮಂಗಳ ಗ್ರಹದವನ ಬಾಯಲ್ಲಿ ಆಡಿಸಿದರೆ ಯಾವ ಕಂಪನಿಯೂ ಕೇಳಲ್ಲ ಅಂತ ಆತನಿಗೆ ಗೊತ್ತಾಗಿತ್ತು. 1959ರಲ್ಲಿ 'ದ ಟ್ವಿಲೈಟ್ ಝೋನ್' ಶುರುವಾಯಿತು. 1964ರವರೆಗೆ 156 ಕಂತು. ಅದರಲ್ಲಿ 92 ಆತನೇ ಬರೆದದ್ದು. ಮೇಪಲ್ ಬೀದಿಯ ಕಂತಿನಲ್ಲಿ ಕರೆಂಟು ಹೋಗುತ್ತೆ, ಅಷ್ಟೇ. ಅನ್ಯಗ್ರಹದವರು ನಮ್ಮ ನಡುವೆಯೇ ಇದ್ದಾರೆ ಅನ್ನುವ ಗುಲ್ಲು ಎದ್ದು, ರಾತ್ರಿಯಾಗುವಷ್ಟರಲ್ಲಿ ಅಕ್ಕಪಕ್ಕದ ಮನೆಯವರೇ ಒಬ್ಬರನ್ನೊಬ್ಬರು ಕೊಲ್ಲಲು ನಿಲ್ಲುತ್ತಾರೆ. ಯಾವ ವಾಟ್ಸಾಪ್ ಕೂಡ ಇಲ್ಲದ 1960ರಲ್ಲಿ ಬಂದದ್ದು ಇದು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಒಂದು ಕ್ರಿಸ್‌ಮಸ್ ಕಂತೂ ಬಂತು. ಅಂಗಡಿಯಲ್ಲಿ ಸಾಂಟಾ ವೇಷ ಹಾಕುವ ಬಡ ಕುಡುಕನೊಬ್ಬನ ಕತೆ. ಬಡವರಿಗೆ ಹಬ್ಬ ಯಾಕಿಲ್ಲ ಅನ್ನುವ ಪ್ರಶ್ನೆ ಅದರಲ್ಲಿತ್ತು. ಮಾಯದ ಚೀಲ ಸಿಕ್ಕಿ ಎಲ್ಲ ಸುಖವಾಗಿ ಮುಗಿಯಿತು, ಯಾರಿಗೂ ಚುಚ್ಚಲಿಲ್ಲ.

ನೇರವಾಗಿ ಹೇಳಿದ ಒಂದು ರಾತ್ರಿ

1964ರಲ್ಲಿ ಅಪರೂಪದ ಅವಕಾಶ ಬಂತು. ವಿಶ್ವಸಂಸ್ಥೆಯ ಆಶಯಗಳನ್ನು ಜನರಿಗೆ ತಲುಪಿಸಲು ಸಿನಿಮಾ ಸರಣಿಯೊಂದಕ್ಕೆ ಝೆರಾಕ್ಸ್ ಕಂಪನಿ 40 ಲಕ್ಷ ಡಾಲರ್ ಕೊಡಲು ಒಪ್ಪಿತು. ನಡುವೆ ಜಾಹೀರಾತು ಬೇಡ ಅಂದಿತು. ಕಟ್ಟಾ ಬಲಪಂಥೀಯರಾದ ಜಾನ್ ಬರ್ಚ್ ಸೊಸೈಟಿಯವರಿಗೆ ವಿಶ್ವಸಂಸ್ಥೆ ಅಂದರೆ ಕಮ್ಯುನಿಸ್ಟರ ಪಿತೂರಿ. ಅವರು ಝೆರಾಕ್ಸ್‌ಗೆ ಸಾವಿರಾರು ಪ್ರತಿಭಟನಾ ಪತ್ರ ಬರೆಸಿದರು. ಕಂಪನಿ ಹಿಂದೆ ಸರಿಯಲಿಲ್ಲ. ಮೊದಲ ಸಿನಿಮಾದ ಚಿತ್ರಕತೆ ಸರ್ಲಿಂಗ್ ಕೈಗೆ ಬಂತು.

ಡಿಕನ್ಸ್‌ನ ಹಳೆಯ ಕತೆ ನಿಮಗೆ ಗೊತ್ತಿರಬಹುದು. ಜಿಪುಣ ಮುದುಕನ ಬಳಿಗೆ ಕ್ರಿಸ್‌ಮಸ್ ಹಿಂದಿನ ರಾತ್ರಿ ಮೂರು ದೆವ್ವಗಳು ಬಂದು ಅವನ ಕಣ್ಣು ತೆರೆಸುತ್ತವೆ. ಸರ್ಲಿಂಗ್‌ನ ಮುದುಕ ಡೇನಿಯಲ್ ಗ್ರಜ್ ದೊಡ್ಡ ಉದ್ಯಮಿ. ಯುದ್ಧದಲ್ಲಿ ಮಗನನ್ನು ಕಳೆದುಕೊಂಡವನು. ಹೊರಗಿನ ಲೋಕದ ಗೊಡವೆ ನಮಗ್ಯಾಕೆ, ಬಾಂಬು ಕಟ್ಟೋಣ, ಬೇಲಿ ಹಾಕೋಣ ಅನ್ನುವವನು. ಮೊದಲ ದೆವ್ವ ಅವನನ್ನು ಸತ್ತ ಸೈನಿಕರ ಹಡಗಿಗೆ, ಹಿರೋಷಿಮಾದ ಆಸ್ಪತ್ರೆಗೆ ಕರೆದೊಯ್ಯುತ್ತೆ. ಅಲ್ಲಿ ಮುಖ ಸುಟ್ಟ ಹುಡುಗಿಯರಿದ್ದಾರೆ. ಎರಡನೆಯದು ತುಂಬಿದ ಊಟದ ಮೇಜಿನ ಮುಂದೆ ಕೂರಿಸಿ, ಮುಳ್ಳುತಂತಿಯ ಆಚೆ ಹಸಿದು ನಿಂತ ನಿರಾಶ್ರಿತರನ್ನು ತೋರಿಸುತ್ತೆ. ಮೂರನೆಯದು ಅಣುಯುದ್ಧ ಮುಗಿದ ನಾಳೆಗೆ ಒಯ್ಯುತ್ತೆ. ಪಾಳುಬಿದ್ದ ಸಭಾಭವನದಲ್ಲಿ ಒಬ್ಬ ಹುಚ್ಚು ನಾಯಕ 'ನಾನು' ಅನ್ನುವುದನ್ನೇ ಧರ್ಮ ಮಾಡಿಕೊಂಡು ಬೋಧಿಸುತ್ತಿದ್ದಾನೆ. ಗುಂಪು ಕೇಕೆ ಹಾಕುತ್ತಿದೆ. ಗ್ರಜ್ ಮನೆಯ ಕಪ್ಪು ಸೇವಕ ಚಾರ್ಲ್ಸ್ ಮಾತ್ರ ಎದ್ದು, ಒಟ್ಟಾಗಿ ಬದುಕೋಣ ಅನ್ನುತ್ತಾನೆ. ಎಲ್ಲರೂ ನಗುತ್ತಾರೆ. ಒಬ್ಬ ಪುಟ್ಟ ಹುಡುಗ ಅವನಿಗೆ ಗುಂಡಿಕ್ಕುತ್ತಾನೆ.

ಎಂಟು ವರ್ಷದ ಹಿಂದೆ ಎಮೆಟ್ ಟಿಲ್‌ನನ್ನು ವಿದೇಶಿ ಮಾಡಿಸಿದ್ದ ಟೀವಿಯಲ್ಲಿ ಕೊನೆಗೂ ಕಪ್ಪು ಮನುಷ್ಯನೊಬ್ಬ ಕಪ್ಪು ಮನುಷ್ಯನಾಗಿಯೇ ಗುಂಪಿನೆದುರು ಸತ್ತ. ಸರ್ಲಿಂಗ್ ಆ ಬಾಕಿಯನ್ನು ತೀರಿಸಿದ್ದು ಇಲ್ಲಿ ಅಂತ ನನಗನಿಸುತ್ತೆ.

ಈ ಸಿನಿಮಾಕ್ಕೆ ಸೇರಿದ ಜನರನ್ನೂ ನೋಡಿ. ನಿರ್ದೇಶಕ ಜೋಸೆಫ್ ಮ್ಯಾಂಕಿವಿಟ್ಜ್. 1950ರಲ್ಲಿ ನಿರ್ದೇಶಕರ ಸಂಘದ ಅಧ್ಯಕ್ಷನಾಗಿದ್ದಾಗ, ಎಲ್ಲರೂ ಕಮ್ಯುನಿಸ್ಟ್ ವಿರೋಧಿ ನಿಷ್ಠೆಯ ಪ್ರಮಾಣ ಮಾಡಲೇಬೇಕು ಅನ್ನುವ ಒತ್ತಡವನ್ನು ಎದುರಿಸಿದವನು. ಆತ ಟೀವಿಗೆ ಮಾಡಿದ ಸಿನಿಮಾ ಇದೊಂದೇ. ಗ್ರಜ್ ಪಾತ್ರದ ಸ್ಟರ್ಲಿಂಗ್ ಹೇಡನ್ ಯುಗೊಸ್ಲಾವಿಯದಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡಿದವನು, ಕೆಲಕಾಲ ಕಮ್ಯುನಿಸ್ಟ್ ಪಕ್ಷದಲ್ಲಿದ್ದವನು. 1951ರಲ್ಲಿ ಸಂಸತ್ ಸಮಿತಿಯ ಮುಂದೆ ಸಂಗಾತಿಗಳ ಹೆಸರು ಹೇಳಿಬಿಟ್ಟ. ಅದಕ್ಕಾಗಿ ತನ್ನನ್ನು ತಾನು ಕ್ಷಮಿಸಿಕೊಳ್ಳಲೇ ಇಲ್ಲ, 1963ರ ಆತ್ಮಕತೆಯಲ್ಲಿ ಅದನ್ನೇ ಬರೆದುಕೊಂಡ. 'ನಾನು' ಧರ್ಮದ ನಾಯಕ ಪೀಟರ್ ಸೆಲ್ಲರ್ಸ್. ಅದೇ ವರ್ಷ ಏಪ್ರಿಲ್‌ನಲ್ಲಿ ಹೃದಯಾಘಾತದಿಂದ ಸಾವಿನ ಬಾಗಿಲು ತಟ್ಟಿ ಬಂದಿದ್ದ. ಚಾರ್ಲ್ಸ್ ಆಗಿ ಪರ್ಸಿ ರಾಡ್ರಿಗಸ್. ಅಡುಗೆಯವಳ ಪಾತ್ರ ಮಾಡಿದ ಬಾರ್ಬರಾ ಆನ್ ಟೀರ್ ನಾಲ್ಕು ವರ್ಷದ ನಂತರ ಹಾರ್ಲೆಮ್‌ನಲ್ಲಿ ನ್ಯಾಷನಲ್ ಬ್ಲ್ಯಾಕ್ ಥಿಯೇಟರ್ ಕಟ್ಟಿದಳು. ಸಂಗೀತ ಹೆನ್ರಿ ಮ್ಯಾನ್ಸಿನಿಯದ್ದು.

ಇಷ್ಟೆಲ್ಲ ಇದ್ದೂ ಸಿನಿಮಾ ಅದ್ಭುತವೇನಲ್ಲ. ಪಾತ್ರಗಳು ಮಾತಾಡುವುದಕ್ಕಿಂತ ಹೆಚ್ಚಾಗಿ ಭಾಷಣ ಮಾಡುತ್ತವೆ. ಆಗಿನ ವಿಮರ್ಶಕರಲ್ಲಿ ಹಲವರು ಇದನ್ನು ಬರೀ ಉಪದೇಶ ಅಂದರು. ಆ ದೂರಿನಲ್ಲಿ ಹುರುಳಿದೆ. ಕೊನೆಯಲ್ಲಿ ಗ್ರಜ್ ದೊಡ್ಡ ಪವಾಡವನ್ನೇನೂ ಮಾಡಲ್ಲ, ಅಡುಗೆಮನೆಗೆ ಹೋಗಿ ಆಳುಗಳ ಜೊತೆ ಕೂತು ಕಾಫಿ ಕುಡಿಯುತ್ತಾನೆ. ನನಗೆ ಇಡೀ ಸಿನಿಮಾದಲ್ಲಿ ಹೆಚ್ಚು ಹಿಡಿಸಿದ್ದು ಆ ಮಾತಿಲ್ಲದ ಭಾಗ.

ಆದರೆ ಉಪದೇಶ ತುಂಬಿದ ಹಬ್ಬದ ಸಿನಿಮಾಗಳು ಬೇಕಾದಷ್ಟಿವೆ, ಅವು ವರ್ಷವರ್ಷ ಬರುತ್ತವೆ. ಅವು ಒಳ್ಳೆಯವರಾಗಿ ಅನ್ನುತ್ತವೆ. ಇದು ಬಾಂಬು, ಬೇಲಿ, ಹಸಿವು, ಬಣ್ಣ ಅಂತ ಹೆಸರಿಟ್ಟು ಹೇಳಿತು. ನಡುವೆ ಸೋಪು ಮಾರಲು ಜಾಗ ಬಿಡಲಿಲ್ಲ. ಮತ್ತೆ ತೋರಿಸಿದರೆ ಲಾಭ ಯಾರಿಗೆ? ನನ್ನ ಲೆಕ್ಕದಲ್ಲಿ 48 ವರ್ಷದ ಮೌನಕ್ಕೆ ಇದೇ ದೊಡ್ಡ ಕಾರಣ.

ಸರ್ಲಿಂಗ್‌ನನ್ನು ಹುತಾತ್ಮ ಮಾಡುವ ಅಗತ್ಯವಿಲ್ಲ. 'ಟ್ವಿಲೈಟ್ ಝೋನ್'ನ ತನ್ನ ಪಾಲನ್ನು ಸಿಬಿಎಸ್‌ಗೆ ಮಾರಿಕೊಂಡ. ಮರುಪ್ರಸಾರದ ದುಡ್ಡೆಲ್ಲ ಚಾನೆಲ್‌ಗೆ ಹೋಯಿತು. ಜೀವನವಿಡೀ ಪ್ರಾಯೋಜಕರನ್ನು ಬೈದವನು ಆಮೇಲೆ ತನ್ನ ಕಂಠವನ್ನು ಬಿಯರ್ ಜಾಹೀರಾತಿಗೂ ಕೊಟ್ಟ. ಅದೇ ಮನುಷ್ಯ ವಿಯೆಟ್ನಾಂ ಯುದ್ಧದ ವಿರುದ್ಧ ಕಾಲೇಜು ಕಾಲೇಜು ತಿರುಗಿ ಮಾತಾಡಿದ. 1968ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಾಲೇಜಿನಲ್ಲಿ ನಿಷ್ಠೆಯ ಪ್ರಮಾಣಕ್ಕೆ ಸಹಿ ಹಾಕಲು ಒಪ್ಪದೆ, ಸಂಭಾವನೆ ಬಿಟ್ಟು ಭಾಷಣ ಮಾಡಿದ. ಆ ವರ್ಷ ಬಂದ 'ಪ್ಲಾನೆಟ್ ಆಫ್ ದ ಏಪ್ಸ್' ಚಿತ್ರಕತೆಯಲ್ಲೂ ಆತನ ಕೈ ಇದೆ. ಮಂಗಗಳ ಲೋಕ ಅಂದುಕೊಂಡು ನೋಡುತ್ತಾ ಹೋದರೆ ಅಲ್ಲೂ ಸಿಗುವುದು ಅಣುಬಾಂಬಿನ ಬೂದಿಯೇ.

ಕೊನೆಯ ವರ್ಷಗಳಲ್ಲಿ ಇಥಾಕಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ. ಸಿಗರೇಟು ಬಿಡಲಿಲ್ಲ. 1975ರ ಜೂನ್ 28ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡ. ವಯಸ್ಸು 50.

ನಾವು ಸೆನ್ಸಾರ್ ಅಂದ ಕೂಡಲೇ ಸರ್ಕಾರದ ಕಡೆ ಬೆರಳು ತೋರುತ್ತೇವೆ, ತೋರಲೇಬೇಕು. ಸರ್ಲಿಂಗ್‌ನ ಬದುಕು ಇನ್ನೊಂದು ಕಡೆಯನ್ನೂ ನೋಡಿ ಅನ್ನುತ್ತೆ. ಮುಂದಿನ ಸಲ ಒಂದು ಸರಣಿಯಲ್ಲಿ ಕೊಲೆಯಾದವನ ಊರು, ಜಾತಿ, ಹೆಸರು ಮಸುಕಾಗಿ ಕಂಡರೆ, ಬರೆದವನನ್ನು ಬೈಯುವ ಮೊದಲು ಅದಕ್ಕೆ ದುಡ್ಡು ಹಾಕಿದವರು ಯಾರು ಅಂತ ವಿಚಾರಿಸಿ. ಆ ಕತೆ ಬರೆಯುವಾಗ ಕೋಕ್ ಬಾಟಲಿ ಮೇಜಿನ ಮೇಲೇ ಇದ್ದಿರಬಹುದು.