ಸೇಠ್ ವಾಲ್‌ಚಂದ್ ಹೀರಾಚಂದ್ ದೋಶಿ: ಹಡಗು, ವಿಮಾನ, ಸಕ್ಕರೆ ಮತ್ತು ನಂಬಿದ ಜನ

ಬೆಂಗಳೂರಿನ ಎಚ್.ಎ.ಎಲ್. ಹೆಸರು ಕೇಳದವರು ನಮ್ಮ ನಾಡಿನಲ್ಲಿಲ್ಲ. ಆದರೆ ಆ ಕಾರ್ಖಾನೆಯನ್ನು ಹುಟ್ಟುಹಾಕಿದವರು ಸೊಲ್ಲಾಪುರದ ಒಬ್ಬ ದಿಗಂಬರ ಜೈನ ವ್ಯಾಪಾರಿ ಎಂಬುದು ನಮ್ಮ ಸಮಾಜದವರಲ್ಲೇ ಎಷ್ಟೋ ಜನರಿಗೆ ತಿಳಿಯದು. ಮಾರ್ಕೆಟಿಂಗ್, ಮ್ಯಾನೇಜ್‌ಮೆಂಟ್ ಎಂದು ನಮ್ಮ ಮಕ್ಕಳು ಲಕ್ಷಗಟ್ಟಲೆ ಫೀಸು ಕಟ್ಟಿ ಓದುತ್ತಿದ್ದಾರೆ. ಓದಲಿ, ತಪ್ಪಿಲ್ಲ. ಜೊತೆಗೆ ಸೇಠ್ ವಾಲ್‌ಚಂದರ ಜೀವನವನ್ನೂ ತಿಳಿದುಕೊಳ್ಳಲಿ.

ವಾಲ್‌ಚಂದ್ ಹೀರಾಚಂದ್ ದೋಶಿಯವರು 1882ರ ನವೆಂಬರ್ 23ರಂದು ಸೊಲ್ಲಾಪುರದಲ್ಲಿ ಜನಿಸಿದರು. ಮೂಲತಃ ಸೌರಾಷ್ಟ್ರದ ವಾಂಕಾನೇರದ ಕುಟುಂಬ. ಮನೆಯಲ್ಲಿ ಲೇವಾದೇವಿ, ಹತ್ತಿ ವ್ಯಾಪಾರ. ಮುಂಬಯಿ ಮತ್ತು ಪುಣೆಯಲ್ಲಿ ಕಾಲೇಜು ಓದಿದ ವಾಲ್‌ಚಂದರಿಗೆ ಮನೆಯ ಗಾದಿಯ ಮೇಲೆ ಕೂತು ಬಡ್ಡಿ ಲೆಕ್ಕ ಬರೆಯುವುದರಲ್ಲಿ ಮನಸ್ಸಿರಲಿಲ್ಲ. ಲಕ್ಷ್ಮಣರಾವ್ ಫಾಟಕ್ ಎಂಬ ಮಾಜಿ ರೈಲ್ವೆ ಗುಮಾಸ್ತರ ಜೊತೆ ಸೇರಿ ರೈಲ್ವೆ ಗುತ್ತಿಗೆ ಹಿಡಿದರು. ಕೆಲಸ ಬಲ್ಲವರು ಫಾಟಕ್, ಸಾಹುಕಾರ ಮನೆತನದವರು ವಾಲ್‌ಚಂದ್. ಆದರೂ ಸಂಸ್ಥೆಯ ಹೆಸರಿನಲ್ಲಿ ಮೊದಲು ಬಂದದ್ದು ಫಾಟಕ್, ಆಮೇಲೆ ವಾಲ್‌ಚಂದ್. ಪಾಲುದಾರಿಕೆ ಮಾಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಬೋರ್ಡಿನ ಮೇಲೆ ಯಾರ ಹೆಸರು ಮೊದಲು ಎಂಬ ಜಗಳಕ್ಕೇ ಎಷ್ಟು ಅಂಗಡಿಗಳು ಒಡೆದಿಲ್ಲ!

ಗುತ್ತಿಗೆ ಕೆಲಸ ಬೆಳೆಯುತ್ತಾ ಹೋಯಿತು. 1920ರಲ್ಲಿ ಟಾಟಾ ಮನೆತನದವರೊಂದಿಗೆ ಸೇರಿ ಟಾಟಾ ಕನ್‌ಸ್ಟ್ರಕ್ಷನ್ ಕಂಪನಿ, 1926ರಲ್ಲಿ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ. ಮುಂಬಯಿ–ಪುಣೆ ನಡುವಿನ ಬೋರ್ ಘಾಟ್ ರೈಲ್ವೆ ಸುರಂಗಗಳು ಇವರ ಕಾಲದ ಕೆಲಸ.

ಆದರೆ ವಾಲ್‌ಚಂದರ ನಿಜವಾದ ಪರೀಕ್ಷೆ ನಡೆದದ್ದು ಸಮುದ್ರದ ಮೇಲೆ. 1919ರಲ್ಲಿ ಗ್ವಾಲಿಯರ್ ಮಹಾರಾಜರ ಲಾಯಲ್ಟಿ ಎಂಬ ಹಡಗು ಮಾರಾಟಕ್ಕಿತ್ತು. 1890ರಲ್ಲಿ ಕಟ್ಟಿದ ಹಳೆಯ ಹಡಗು, ಯುದ್ಧಕಾಲದಲ್ಲಿ ಆಸ್ಪತ್ರೆ ಹಡಗಾಗಿ ಕೆಲಸ ಮಾಡಿತ್ತು. ನರೋತ್ತಮ ಮೊರಾರ್ಜಿ, ಕಿಲಾಚಂದ್ ದೇವಚಂದ್, ಲಲ್ಲುಭಾಯಿ ಸಾಮಲದಾಸ್ ಇವರೊಂದಿಗೆ ಸೇರಿ ವಾಲ್‌ಚಂದರು ಅದನ್ನು ಕೊಂಡರು. ಗ್ವಾಲಿಯರ್ ರಾಜಮನೆತನದ ಹೆಸರನ್ನೇ ಕಂಪನಿಗೆ ಇಟ್ಟು ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಆರಂಭಿಸಿದರು. 1919ರ ಏಪ್ರಿಲ್ 5ರಂದು ಲಾಯಲ್ಟಿ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು.

ಹಡಗು ಕೊಳ್ಳುವುದು ಸುಲಭ, ಸರಕು ಸಿಗುವುದು ಕಷ್ಟ. ಆಗ ಭಾರತದ ಕರಾವಳಿ ವ್ಯಾಪಾರ ಲಾರ್ಡ್ ಇಂಚ್‌ಕೇಪ್ ಅವರ ಬ್ರಿಟಿಷ್ ಇಂಡಿಯಾ ಕಂಪನಿಯ ಮುಷ್ಟಿಯಲ್ಲಿತ್ತು. 1906ರಲ್ಲಿ ತೂತ್ತುಕುಡಿಯಲ್ಲಿ ವಿ.ಓ. ಚಿದಂಬರಂ ಪಿಳ್ಳೆಯವರು ಸ್ವದೇಶಿ ಹಡಗು ಕಂಪನಿ ಕಟ್ಟಿದಾಗ ಇದೇ ಕಂಪನಿ ಪ್ರಯಾಣ ದರ ಇಳಿಸುತ್ತಾ ಹೋಗಿ, ಕೊನೆಗೆ ಪುಕ್ಕಟೆ ಪ್ರಯಾಣದ ಜೊತೆಗೆ ಒಂದು ಛತ್ರಿಯನ್ನೂ ಕೊಟ್ಟಿತ್ತು. ಪಿಳ್ಳೆಯವರ ಕಂಪನಿ ಉಳಿಯಲಿಲ್ಲ.

ದರ ಇಳಿಸುವುದಕ್ಕಿಂತ ದೊಡ್ಡ ಅಸ್ತ್ರ ಇನ್ನೊಂದಿತ್ತು. ಅದು ಮುಂದೂಡಿದ ರಿಯಾಯಿತಿ. ವ್ಯಾಪಾರಿ ಪೂರ್ತಿ ಬಾಡಿಗೆ ಕಟ್ಟಬೇಕು. ಅದರಲ್ಲಿ ಒಂದು ಭಾಗ, ಸಾಮಾನ್ಯವಾಗಿ ಹತ್ತನೇ ಒಂದು, ಹಡಗು ಕಂಪನಿಯ ಹತ್ತಿರವೇ ತಿಂಗಳುಗಟ್ಟಲೆ ಉಳಿಯುತ್ತದೆ. ಆ ಅವಧಿಯಲ್ಲಿ ವ್ಯಾಪಾರಿ ಬೇರೆ ಕಂಪನಿಯ ಹಡಗಿಗೆ ಒಂದು ಮೂಟೆ ಹಾಕಿದರೂ ಆ ಹಣ ಹೋಯಿತು. ಹೊಸಬರು ಎಷ್ಟೇ ಕಡಿಮೆ ದರ ಹೇಳಿದರೂ ವ್ಯಾಪಾರಿಗೆ ಕೈ ಬಿಡಿಸಿಕೊಳ್ಳಲು ಆಗದು. ವರ್ಷದ ಕೊನೆಗೆ ಟರ್ನೋವರ್ ಡಿಸ್ಕೌಂಟ್ ಕೊಡುತ್ತೇವೆಂದು ಡೀಲರುಗಳನ್ನು ಕಟ್ಟಿಹಾಕುವ ಈಗಿನ ಸ್ಕೀಮುಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಚ್‌ಕೇಪ್ ಸಿಂಧಿಯಾವನ್ನೇ ಕೊಂಡುಬಿಡಲು ಮುಂದೆ ಬಂದರು. ವಾಲ್‌ಚಂದರು ಮತ್ತು ನರೋತ್ತಮರು ಒಪ್ಪಲಿಲ್ಲ. ಮಾರಿದ್ದರೆ ಆ ದಿನವೇ ಕೈತುಂಬ ಹಣ ಬರುತ್ತಿತ್ತು. ಆದರೆ 1923ರಲ್ಲಿ ಹಡಗುಗಳ ಮಿತಿಯನ್ನು ಒಪ್ಪಿ ಹತ್ತು ವರ್ಷದ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಅದೇ ವರ್ಷ ಲಾಯಲ್ಟಿ ಗುಜರಿಗೆ ಹೋಯಿತು. ಆ ಒಪ್ಪಂದವನ್ನು ಸೋಲು ಎಂದವರಿದ್ದರು. ಉಸಿರು ಹಿಡಿದು ಬದುಕಿ ಉಳಿಯುವುದೂ ವ್ಯಾಪಾರದಲ್ಲಿ ಒಂದು ಕೆಲಸವೇ.

ದರದಲ್ಲಿ ಗೆಲ್ಲಲಾಗದಿದ್ದಾಗ ವಾಲ್‌ಚಂದರು ಜನರ ಮುಂದೆ ಹೋದರು. ಭಾರತದ ಸರಕು ಭಾರತದ ಹಡಗಿನಲ್ಲಿ ಎಂಬ ಮಾತನ್ನು ಪತ್ರಿಕೆಗಳಲ್ಲಿ, ವ್ಯಾಪಾರಿ ಸಂಘಗಳಲ್ಲಿ ಎತ್ತಿದರು. ಗಾಂಧೀಜಿ ಸಿಂಧಿಯಾ ಪರವಾಗಿ ಬರೆದರು. ಕರಾವಳಿ ವ್ಯಾಪಾರ ಭಾರತೀಯ ಹಡಗುಗಳಿಗೇ ಮೀಸಲಾಗಬೇಕೆಂದು ಎಸ್.ಎನ್. ಹಾಜಿಯವರು 1928ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. ಅದು ಕಾನೂನಾಗಲಿಲ್ಲ, ಆದರೆ ವಿಷಯ ದೇಶಕ್ಕೆಲ್ಲ ತಿಳಿಯಿತು. ಇಂದಿನ ಭಾಷೆಯಲ್ಲಿ ಇದನ್ನು ಬ್ರ್ಯಾಂಡ್ ಎನ್ನುತ್ತಾರೆ. ಮುಂದೆ ಹಜ್ ಯಾತ್ರಿಕರ ಸೇವೆಗೆ ಇಳಿದಾಗ 1937ರಲ್ಲಿ ಕಟ್ಟಿಸಿದ ಹೊಸ ಹಡಗಿಗೆ ಎಲ್ ಮದೀನಾ ಎಂದು ಹೆಸರಿಟ್ಟರು. ಗಿರಾಕಿಯ ಶ್ರದ್ಧೆಯನ್ನು ಅರಿತು ಇಟ್ಟ ಹೆಸರು.

ಜನರನ್ನು ಆರಿಸುವುದರಲ್ಲೂ ಇವರ ರೀತಿ ಬೇರೆ. 1927ರಲ್ಲಿ ಮುಂಬಯಿಯಲ್ಲಿ ಡಫರಿನ್ ತರಬೇತಿ ಹಡಗು ಆರಂಭವಾಗಿ ನಮ್ಮ ಹುಡುಗರು ನೌಕಾಧಿಕಾರಿಗಳಾಗಲು ಕಲಿತರು. ಬ್ರಿಟಿಷ್ ಕಂಪನಿಗಳು ಅವರನ್ನು ಸೇರಿಸಿಕೊಳ್ಳಲು ಹಿಂಜರಿದಾಗ ಕೆಲಸ ಕೊಟ್ಟದ್ದು ಸಿಂಧಿಯಾ. ಕಲ್ಕತ್ತಾ ಕಚೇರಿಯನ್ನು ಗಗನವಿಹಾರಿ ಮೆಹ್ತಾ ಅವರ ಕೈಗೆ ಕೊಟ್ಟರು. ಅವರು ಮುಂದೆ ಅಮೆರಿಕದಲ್ಲಿ ಭಾರತದ ರಾಯಭಾರಿಯಾದರು. ನರೋತ್ತಮರು 1929ರಲ್ಲಿ ತೀರಿಕೊಂಡ ಮೇಲೆ ವಾಲ್‌ಚಂದರು ಅಧ್ಯಕ್ಷರಾದರು. ಆದರೂ ನರೋತ್ತಮರ ಮಗ ಶಾಂತಿಕುಮಾರರನ್ನು ಬದಿಗೆ ಸರಿಸದೆ ಜೊತೆಗೇ ಇಟ್ಟುಕೊಂಡರು.

ಇನ್ನು ಬೆಂಗಳೂರಿನ ಕಥೆ. 1939ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ ಅಮೆರಿಕದ ವಿಲಿಯಂ ಪಾಲಿ ಎಂಬವರ ಪರಿಚಯವಾಯಿತು. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವರು. ಭಾರತದಲ್ಲೂ ಒಂದು ಆಗಬಾರದೇಕೆ ಎಂದು ವಾಲ್‌ಚಂದರು ಅಲ್ಲೇ ಮಾತು ಶುರು ಮಾಡಿದರು. ಮೈಸೂರಿನ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಜಮೀನು ಕೊಟ್ಟು, ಸಂಸ್ಥಾನವನ್ನೂ ಪಾಲುದಾರನನ್ನಾಗಿ ಮಾಡಿದರು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪನೆಯಾಯಿತು. ಮರುವರ್ಷವೇ ಹಾರ್ಲೋ ತರಬೇತಿ ವಿಮಾನ ಹಾರಿತು. ಆದರೆ 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದರಿಗೆ ಹಣ ಕೊಟ್ಟು ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಎರಡು ವರ್ಷವೂ ಕೈಯಲ್ಲಿ ಉಳಿಯಲಿಲ್ಲ.

ಮೋಟಾರು ಕಾರ್ಖಾನೆಯನ್ನೂ ಬೆಂಗಳೂರಿನಲ್ಲಿ ಮಾಡಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರ ಜೊತೆ ಪ್ರಯತ್ನಿಸಿದ್ದರು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಮುಂಬಯಿಯಲ್ಲಿ ಆಯಿತು. ಬೆಂಗಳೂರಿಗೆ ಅದೊಂದು ನಷ್ಟ.

ವಿಶಾಖಪಟ್ಟಣದ ಹಡಗು ಕಟ್ಟೆಗೆ 1941ರ ಜೂನ್ 21ರಂದು ಡಾ. ರಾಜೇಂದ್ರ ಪ್ರಸಾದರು ಶಂಕುಸ್ಥಾಪನೆ ಮಾಡಿದರು. ಮರುವರ್ಷ ಜಪಾನಿನ ಬಾಂಬು ಬಿತ್ತು. ಆದರೂ 1948ರ ಮಾರ್ಚ್ 14ರಂದು ಜಲ ಉಷಾ ಹಡಗನ್ನು ನೆಹರೂ ನೀರಿಗಿಳಿಸಿದರು. 1952ರಲ್ಲಿ ಅದರಲ್ಲೂ ಸರ್ಕಾರವೇ ದೊಡ್ಡ ಪಾಲುದಾರನಾಯಿತು.

ಸಕ್ಕರೆ ಉದ್ಯಮ ಮನೆಯವರ ಕೈಯಲ್ಲಿ ಉಳಿಯಿತು. ನಾಶಿಕ ಜಿಲ್ಲೆಯ ರಾವಲಗಾಂವ್, ಇಂದಾಪುರ ತಾಲ್ಲೂಕಿನ ವಾಲ್‌ಚಂದ್‌ನಗರ, ಎರಡೂ ಕಡೆ ಬರಡು ನೆಲದಲ್ಲಿ ಕಬ್ಬು ಬೆಳೆಸಿ ಕಾರ್ಖಾನೆ ಹಾಕಿದರು, ಕೆಲಸಗಾರರ ವಸತಿಯೊಂದಿಗೆ ಊರೇ ಎದ್ದಿತು. ರಾವಲಗಾಂವ್ ಪೆಪ್ಪರ್‌ಮಿಂಟು ತಿಂದು ಬೆಳೆದವರು ಇಂದಿಗೂ ಇದ್ದಾರೆ. ಆ ಮಿಠಾಯಿ ಬ್ರ್ಯಾಂಡುಗಳನ್ನು 2024ರಲ್ಲಿ ರಿಲಯನ್ಸ್ ಸಮೂಹ ಕೊಂಡಿತು.

1949ರಲ್ಲಿ ವಾಲ್‌ಚಂದರಿಗೆ ಪಾರ್ಶ್ವವಾಯು ಆಯಿತು. 1950ರಲ್ಲಿ ವ್ಯವಹಾರದಿಂದ ನಿವೃತ್ತರಾದರು. ಗುಲಾಬಚಂದ್, ಲಾಲಚಂದ್ ಮೊದಲಾದ ಸಹೋದರರು ಉದ್ಯಮ ನೋಡಿಕೊಂಡರು, ಪತ್ನಿ ಕಸ್ತೂರಬಾಯಿ ಆರೈಕೆ ಮಾಡಿದರು. ಗುಜರಾತಿನ ಸಿದ್ಧಪುರದಲ್ಲಿ 1953ರ ಏಪ್ರಿಲ್ 8ರಂದು ನಿಧನರಾದರು. ಲಾಯಲ್ಟಿ ಹೊರಟ ಏಪ್ರಿಲ್ 5ನೇ ತಾರೀಖನ್ನು 1964ರಿಂದ ದೇಶದಲ್ಲಿ ರಾಷ್ಟ್ರೀಯ ಕಡಲ ದಿನವಾಗಿ ಆಚರಿಸಲಾಗುತ್ತಿದೆ.